ಭಟ್ಟಿಯ ಪಾಲು

ಆ ರಾಜಧಾನಿಯಲ್ಲಿ ನೆಲೆಸಿದ ಹತ್ತಾರು ಸೀಮೆಯ ಜನರ ಕೈರುಚಿಯನ್ನೆಲ್ಲ ಬಲ್ಲವರು ಯಾರೆಂದು ಕೇಳಿದರೆ ಪತ್ರಿಕೆಗಳಲ್ಲಿ ಬರೆಯುವವರು ಯಾವುದೋ ದೊಡ್ಡ ಹೋಟೆಲಿನ ಬಾಣಸಿಗನನ್ನು ತೋರಿಸಿಯಾರು. ನಿಜವಾಗಿ ಬಲ್ಲವಳು ಸಚಿವಾಲಯದ ಹಿಂಬದಿಯ ಬೀದಿಯಲ್ಲಿ, ಮೂರು ಮೆಟ್ಟಿಲು ಇಳಿದು ಹೋಗಬೇಕಾದ ಒಂದು ನೆಲಮಾಳಿಗೆಯಲ್ಲಿದ್ದಳು. ಬೀದಿಯವರು ಅವಳನ್ನು ಭಟ್ಟಿಯಕ್ಕ ಎನ್ನುತ್ತಿದ್ದರು. ಅಕ್ಕ ಎನ್ನುವುದು ಬಾಯಿಮಾತು ಅಷ್ಟೆ. ಅಕ್ಕನನ್ನು ಮನೆಗೆ ಕರೆದಂತೆ ಅವಳನ್ನು ಯಾರೂ ಕರೆದವರಲ್ಲ. ಮೂವತ್ತೊಂದು ವರ್ಷದಲ್ಲಿ ಆ ಬೀದಿಯ ಒಂದೇ ಒಂದು ಹೊಸ್ತಿಲನ್ನೂ ಅವಳು ದಾಟಿರಲಿಲ್ಲ. ಆದರೆ ಅಷ್ಟೂ ಮನೆಗಳ ಅನ್ನ ಅವಳ ಹೊಟ್ಟೆ ಸೇರಿತ್ತು.

ಅದಕ್ಕೆ ಕಾರಣ ಭಟ್ಟಿಯ ಪಾಲು. ಬೀದಿಯ ಮನೆಗಳೆಲ್ಲ ಇಕ್ಕಟ್ಟು, ಯಾವ ಮನೆಯಲ್ಲೂ ರೊಟ್ಟಿ ಸುಡುವಷ್ಟು ದೊಡ್ಡ ಒಲೆಯಿಲ್ಲ. ಹಿಟ್ಟು ಕಲಸುವುದು, ಉಬ್ಬಲು ಬಿಡುವುದು, ಉಂಡೆ ಕಟ್ಟಿ ಟ್ರೇಗೆ ಹಾಕುವುದೆಲ್ಲ ಅವರವರ ಮನೆಯಲ್ಲಿ. ಸುಡುವುದು ಮಾತ್ರ ಇಲ್ಲಿ, ನೆಲಮಾಳಿಗೆಯ ಇಟ್ಟಿಗೆಯ ಭಟ್ಟಿಯಲ್ಲಿ. ಟ್ರೇ ತಂದವರು ಜೊತೆಗೊಂದು ಸೌದೆ ತರಬೇಕು. ಸುಟ್ಟಾದ ಮೇಲೆ ಟ್ರೇಯಿಂದ ಒಂದು ರೊಟ್ಟಿ ಭಟ್ಟಿಯವರಿಗೆ ಬಿಡಬೇಕು. ಸೌದೆ ಬೆಂಕಿಗೆ, ಪಾಲು ಹೊಟ್ಟೆಗೆ. ಆ ಪಾಲನ್ನು ಬಿಸಿಯಿರುವಾಗಲೇ ಮುರಿದು, ಬಾಯಿಗೆ ಹಾಕಿಕೊಂಡು ನೋಡಿ, ಒಳಗೆ ಹಸಿ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮಿಕ್ಕದ್ದನ್ನು ಮನೆಯವರ ಕೈಗೆ ಕೊಡಬೇಕೆಂದು ಅವಳ ಮಾವ ಕಲಿಸಿದ್ದ. ಪಾಲನ್ನು ಭಟ್ಟಿಯ ಮುಂದೆ ಕೂತು ಭಟ್ಟಿಯಲ್ಲಿ ದುಡಿದವರೇ ತಿನ್ನಬೇಕು, ಮಾರಬಾರದು, ಹೊರಗಿನವರಿಗೆ ಕೊಡಬಾರದು ಎಂದೂ ಹೇಳಿದ್ದ. ಯಾಕೆ ಎಂದು ಅವಳು ಕೇಳಲಿಲ್ಲ. ಮಾವನನ್ನು ಯಾಕೆ ಎಂದು ಕೇಳುವ ಸೊಸೆಯರು ಆ ಕಾಲದಲ್ಲಿ ಹುಟ್ಟಿರಲಿಲ್ಲ.

ಅವಳು ಸೊಸೆಯಾಗಿ ಬಂದದ್ದು ರೊಟ್ಟಿಯನ್ನೇ ಕಾಣದ ಹಳ್ಳಿಯಿಂದ. ಅಲ್ಲಿ ಕಾಳನ್ನು ಕುಟ್ಟಿ ಗಂಜಿ ಕಾಯಿಸಿ ಕುಡಿಯುತ್ತಿದ್ದರು. ಮೊದಲ ವಾರ ಅವಳಿಗೆ ಅನ್ನಿಸಿದ್ದು ಈ ಪಟ್ಟಣದವರ ಹಲ್ಲು ಬಲು ಗಟ್ಟಿ ಎಂದು. ಎರಡನೆಯ ತಿಂಗಳಿಗೆ, ಕಣ್ಣು ಮುಚ್ಚಿ ಕೊಟ್ಟರೂ ಯಾವ ರೊಟ್ಟಿ ಯಾವ ಮನೆಯದೆಂದು ಹೇಳುತ್ತಿದ್ದಳು. ಬೆಟ್ಟದ ಕಡೆಯಿಂದ ಬಂದವರ ರೊಟ್ಟಿ ಕಪ್ಪಗೆ, ಹುಳಿಹುಳಿ, ನಾಲ್ಕು ದಿನ ಇಟ್ಟರೂ ಕೆಡದಂಥದು. ಬಂದರಿನವರು ಎಣ್ಣೆ ಸುರಿದು ಬೆರಳಿನಿಂದ ಕುಳಿ ಒತ್ತುತ್ತಿದ್ದರು. ಗಡಿಯಾಚೆಯಿಂದ ಓಡಿಬಂದವರ ಮನೆಯವರು ಹಿಟ್ಟಿಗೆ ಆಲೂಗಡ್ಡೆ ಹಿಸುಕಿ ಹಾಕುತ್ತಿದ್ದರು. ಹಿಟ್ಟು ಸಾಲದ ಕಾಲದ ಅಭ್ಯಾಸ, ಈಗ ಮಹಡಿ ಮನೆ ಕಟ್ಟಿಸಿದ ಮೇಲೂ ಬಿಟ್ಟಿರಲಿಲ್ಲ. ಯಾವುದೋ ದೇಶದ ರಾಯಭಾರಿಯ ಮನೆಯ ಅಡುಗೆಯವನು ವಾರಕ್ಕೊಮ್ಮೆ ಕಾರಿನಲ್ಲಿ ಟ್ರೇ ತರುತ್ತಿದ್ದ. ಅವನ ರೊಟ್ಟಿಗೆ ಹಾಲು, ಮೊಟ್ಟೆ, ಬೆಣ್ಣೆ, ಏನೆಲ್ಲ ಬಿದ್ದಿದ್ದರೂ ಉಪ್ಪು ಮಾತ್ರ ಮರೆತಿರುತ್ತಿತ್ತು. ಯಾರ ಮನೆಯಲ್ಲಿ ಜಗಳವಾಗಿದೆ, ಯಾರು ಹಳೇ ಹಿಟ್ಟು ಕೊಂಡಿದ್ದಾರೆ, ಯಾರ ಸೊಸೆ ಹೊಸದಾಗಿ ಕೈ ಹಾಕಿದ್ದಾಳೆ, ಎಲ್ಲ ಅವಳ ನಾಲಗೆಗೆ ತಿಳಿಯುತ್ತಿತ್ತು.

ಮಾವ ಸತ್ತ, ಗಂಡ ಹೊಗೆ ಕುಡಿದು ಕುಡಿದು ಎದೆ ಕೆಟ್ಟು ಸತ್ತ. ಭಟ್ಟಿ ಆರಲಿಲ್ಲ. ಸಂಜೆ ಹೆಚ್ಚಿನ ಕೆಂಡವನ್ನು ಹೊರಗೆಳೆದು ಆರಿಸಿ ಮಾಡಿದ ಇದ್ದಿಲನ್ನು ಇಸ್ತ್ರಿ ಅಂಗಡಿಯವರು ಕೊಳ್ಳುತ್ತಿದ್ದರು, ಮನೆಯ ಖರ್ಚು ಅದರಲ್ಲಿ. ಒಬ್ಬಳೇ ಮಗಳು ಓದಿ ಅಂಚೆ ಕಚೇರಿ ಸೇರಿದಳು. ಮಧ್ಯಾಹ್ನದ ಪಾಳಿಯಾದ್ದರಿಂದ ಬೆಳಗ್ಗೆ ತಾಯಿಯ ಜೊತೆ ಟ್ರೇ ಎತ್ತುತ್ತಿದ್ದಳು.

ಬೀದಿಯವರಿಗೆ ಭಟ್ಟಿಯಕ್ಕ ಬೇಕಿತ್ತು, ಆದರೆ ಮೆಟ್ಟಿಲ ಕೆಳಗೆ. ಅವಳ ಬೆರಳಿನ ಸಂದಿಯ ಮಸಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ, ಅದೇ ನೆಪ. ಮದುವೆ ಬಂದರೆ ಎರಡು ದಿನ ಮುಂಚಿನಿಂದ ಟ್ರೇಗಳು ಸಾಲುಗಟ್ಟುತ್ತಿದ್ದವು, ಕರೆಯೋಲೆ ಮಾತ್ರ ಬರುತ್ತಿರಲಿಲ್ಲ. ಎಲ್ಲರಿಗಿಂತ ಬಿಗಿ ವಾಚಿನಂಗಡಿಯಮ್ಮ. ಎದುರು ಸಾಲಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನ ಹೆಂಡತಿ, ಈಗ ವಿಧವೆ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಈ ಬೀದಿಗೆ ಬಂದವರು. ಮೂವತ್ತೊಂದು ವರ್ಷವೂ ಜಗಳ ಒಂದೇ: ಅವಳ ಟ್ರೇ ಭಟ್ಟಿಯ ಎಡಗಡೆ ಮೂಲೆಯಲ್ಲೇ ಇರಬೇಕು, ಅಲ್ಲಿ ಶಾಖ ಸಮವಂತೆ. ಭಟ್ಟಿಯಕ್ಕ ಬೇಕೆಂದೇ ನಾಲ್ಕು ದಿನಕ್ಕೊಮ್ಮೆ ಬಲಗಡೆ ಇಡುತ್ತಿದ್ದಳು. ಆಕೆಯ ಮಗಳ ಮದುವೆಗೆ ಅರವತ್ತು ಟ್ರೇ ಸುಟ್ಟಾಗ ಪಾಲು ಮಾತ್ರ ಬಂತು, ಅದೂ ಕರಕಲಾದದ್ದನ್ನು ಆರಿಸಿ. ಅಂದು ಭಟ್ಟಿಯಕ್ಕ ಆ ಅರವತ್ತನ್ನೂ ಒಂದೊಂದಾಗಿ ಮುರಿದು ತಿಂದು ನೋಡಿ, "ಉಪ್ಪು ಜಾಸ್ತಿ" ಎಂದು ಮಗಳಿಗೆ ಹೇಳಿದ್ದಳು. ಉಪ್ಪು ಸರಿಯಾಗಿಯೇ ಇತ್ತು.

ಹೀಗಿರುವಾಗ ಆ ಬೀದಿಗೆ ಹಳದಿ ಛತ್ರಿ ಬಂತು.

ರಾಜಧಾನಿ ನೋಡಲು ಬರುವ ಪರದೇಶದವರನ್ನು ಬೀದಿ ಬೀದಿ ನಡೆಸಿ, ಇಲ್ಲೊಂದು ತುತ್ತು ಅಲ್ಲೊಂದು ಗುಟುಕು ರುಚಿ ತೋರಿಸಿ, ಯಾರು ಎಲ್ಲಿಂದ ಬಂದರು, ಏನು ತಿನ್ನುತ್ತಾರೆ ಎಂದು ವಿವರಿಸುವ ಕೆಲಸ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಆ ಕೆಲಸದ ಹುಡುಗಿಯೊಬ್ಬಳು ಗುಂಪು ಚದುರದಿರಲೆಂದು ಹಳದಿ ಛತ್ರಿಯನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದಳು. ಮಳೆಯಿಲ್ಲ ಬಿಸಿಲಿಲ್ಲ, ಛತ್ರಿ ಮಾತ್ರ ಬಿಚ್ಚಿಯೇ ಇರುತ್ತಿತ್ತು. ಬೀದಿಯವರು ಅವಳಿಗೆ ಛತ್ರಿ ಎಂದೇ ಹೆಸರಿಟ್ಟರು. ಅವಳ ನಾಜೂಕಿನ ಮಾತು ಕೇಳಿದ ಮೇಲೆ ಆ ಹೆಸರು ಇನ್ನಷ್ಟು ಒಪ್ಪಿತು. ಅವಳು ಭಟ್ಟಿಯಕ್ಕನ ಮಗಳ ಜೊತೆ ಶಾಲೆಯಲ್ಲಿ ಓದಿದವಳು. ಆ ಸಲುಗೆಯಿಂದ ಒಂದು ಬೆಳಗ್ಗೆ ಹನ್ನೆರಡು ಜನರನ್ನು ಮೆಟ್ಟಿಲಿಳಿಸಿ ನೆಲಮಾಳಿಗೆಗೆ ಕರೆತಂದಳು.

ಭಟ್ಟಿಯಕ್ಕ ಮೊದಲು ಗದರಿಸಿದಳು. ಬೆಂಕಿಯ ಹತ್ತಿರ ಸಂತೆ ಬೇಡ, ಹಲಗೆ ತಗುಲಿ ತಲೆ ಒಡೆದರೆ ನಾನು ಜವಾಬ್ದಾರಳಲ್ಲ ಎಂದಳು. ರೊಟ್ಟಿ ಎಳೆಯುವ ಆ ಹಲಗೆಯ ಹಿಡಿ ಎರಡಾಳುದ್ದ, ಅವಳು ಹಿಂದಕ್ಕೆ ಎಳೆದರೆ ಬಾಗಿಲವರೆಗೂ ಬರುತ್ತಿತ್ತು. ಗುಂಪು ಗೋಡೆಗೆ ಅಂಟಿಕೊಂಡು ನಿಂತಿತು. ಆಗ ಬಿಳಿ ಟೋಪಿಯ ಮುದುಕನೊಬ್ಬ ಏನೋ ಕೇಳಿದ. ಛತ್ರಿ ಅದನ್ನು ತಿರುಗಿಸಿ ಹೇಳಿದಳು. ಇಷ್ಟೊಂದು ಮನೆಗಳ ರೊಟ್ಟಿ ಸುಡುತ್ತೀರಲ್ಲ, ಇವುಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು, ಯಾಕೆ, ಎಂಬುದು ಅವನ ಪ್ರಶ್ನೆ.

ಭಟ್ಟಿಯಕ್ಕ ಹಲಗೆಯನ್ನು ಗೋಡೆಗೆ ಒರಗಿಸಿದಳು. ಮೂವತ್ತೊಂದು ವರ್ಷದಲ್ಲಿ ಅವಳನ್ನು ಜನ ಕೇಳಿದ್ದು ಎರಡೇ ಮಾತು, ಆಯಿತಾ ಮತ್ತು ಇನ್ನೂ ಆಗಿಲ್ಲವಾ. ಅವಳು ಬಾಯಿ ತೆರೆದಳು. ಅರ್ಧ ಗಂಟೆ ಮುಚ್ಚಲಿಲ್ಲ.

ಅಂದು ಅವಳು ಬೆಟ್ಟದವರ ಹುಳಿಯ ಬಗ್ಗೆ, ಬಂದರಿನವರ ಎಣ್ಣೆಯ ಬಗ್ಗೆ ಹೇಳಿದಳು. ಹೇಳುತ್ತಾ ಹೇಳುತ್ತಾ ಎದುರಿಗಿದ್ದ ಪಾಲುಗಳನ್ನು ಮುರಿದು ಹಂಚಿದಳು. ಜನ ತಿಂದರು, ತಲೆದೂಗಿದರು, ಬರೆದುಕೊಂಡರು. ಮಾವನ ಮಾತು ನೆನಪಾಗಲಿಲ್ಲ ಎಂದಲ್ಲ. ಮಾವ ಸತ್ತು ಇಪ್ಪತ್ತು ವರ್ಷವಾಯಿತು ಎಂಬುದೂ ಜೊತೆಗೇ ನೆನಪಾಯಿತು. ಛತ್ರಿ ಹೋಗುವಾಗ ಒಂದು ಲಕೋಟೆ ಕೊಟ್ಟಳು. ಭಟ್ಟಿಯಕ್ಕ ಅದನ್ನು ಮಗಳ ಕೈಗೆ ಹಾಕಿ, ಮತ್ತೆ ಯಾವಾಗ ಬರುತ್ತಾರೆ ಎಂದಷ್ಟೇ ಕೇಳಿದಳು.

ಮತ್ತೆ ಬಂದರು. ವಾರಕ್ಕೆ ಮೂರು ಸಲ, ಬೆಳಗ್ಗೆ ಹತ್ತಕ್ಕೆ. ಭಟ್ಟಿಯಕ್ಕ ಒಂಬತ್ತೂವರೆಗೇ ಮುಖ ತೊಳೆದು ಶುಭ್ರವಾದ ಬಟ್ಟೆಯನ್ನು ತಲೆಗೆ ಕಟ್ಟತೊಡಗಿದಳು. ಮಾತೂ ದಿನದಿಂದ ದಿನಕ್ಕೆ ಖಾರವಾಯಿತು. ರುಚಿಯ ಬಗ್ಗೆ ಹೇಳಿದರೆ ಜನ ತಲೆದೂಗುತ್ತಿದ್ದರು, ಮನೆಯ ಬಗ್ಗೆ ಹೇಳಿದರೆ ನಗುತ್ತಿದ್ದರು. ನಗಿಸುವುದು ಅವಳಿಗೆ ಹೆಚ್ಚು ಹಿಡಿಸಿತು. ಮಹಡಿ ಮನೆಯವರು ಅಳಿಯ ಬಂದ ದಿನ ಮಾತ್ರ ಬೆಣ್ಣೆ ಹಾಕುತ್ತಾರೆ, ಅಳಿಯ ಹೋದ ಮರುದಿನ ಕೊಬ್ಬು. ದರ್ಜಿಯ ಹೆಂಡತಿ ಹನ್ನೆರಡು ಉಂಡೆ ಎನ್ನುತ್ತಾಳೆ, ಹನ್ನೊಂದರ ಹಿಟ್ಟನ್ನೇ ಹನ್ನೆರಡು ಮಾಡಿರುತ್ತಾಳೆ. ಛತ್ರಿ ಇದನ್ನೆಲ್ಲ ಒಂದೂ ಬಿಡದೆ ಅವರ ಭಾಷೆಗೆ ತಿರುಗಿಸುತ್ತಿದ್ದಳು, ಮೇಲಿಂದ ನಾಲ್ಕು ಸೇರಿಸುತ್ತಲೂ ಇದ್ದಳು. ತಾನು ನಿಲ್ಲಿಸಿದ ಮೇಲೂ ಛತ್ರಿಯ ಮಾತು ಮುಂದುವರಿಯುತ್ತಿದ್ದದ್ದು ಭಟ್ಟಿಯಕ್ಕನಿಗೆ ಗೊತ್ತಿತ್ತು, ಕೇಳಲು ಹೋಗಲಿಲ್ಲ.

ಮಗಳಿಗೆ ಮೊದಮೊದಲು ಹೆಮ್ಮೆಯಿತ್ತು. ಆಮೇಲೆ ಒಂದು ದಿನ, ಟ್ರೇ ಒರೆಸುತ್ತಾ ಹೇಳಿದಳು:

"ಅಮ್ಮ, ರೊಟ್ಟಿ ವಿಷಯ ಹೇಳು ಸಾಕು. ಮನೆ ವಿಷಯ ಯಾಕೆ?"

"ರೊಟ್ಟಿ ಒಳಗೇ ಮನೆ ಇರೋದು. ನಾನೇನು ಕಿಟಕೀಲಿ ಇಣುಕಿ ನೋಡಿದ್ನಾ? ಅವರೇ ತಂದು ಕೊಟ್ಟಿದ್ದು."

"ತಿನ್ನು ಅಂತ ಕೊಟ್ಟಿದ್ದು."

"ತಿಂದೇ ಹೇಳ್ತಿರೋದು," ಎಂದು ಭಟ್ಟಿಯಕ್ಕ ಕೆಂಡ ಕೆದಕಲು ತಿರುಗಿದಳು.

ಕಿಟಕಿಯಲ್ಲಿ ಇಣುಕಿ ನೋಡಲಿಲ್ಲ ಎಂದದ್ದು ಪೂರ್ತಿ ನಿಜವಲ್ಲ. ನೆಲಮಾಳಿಗೆಯ ಗಾಳಿಕಿಂಡಿಯಿಂದ ಬೀದಿಯಾಚೆಯ ಒಂದು ಗಲ್ಲಿ ನೇರವಾಗಿ ಕಾಣುತ್ತಿತ್ತು, ವಾಚಿನಂಗಡಿಯ ಪಕ್ಕದ ಬಾಗಿಲು ಇದ್ದದ್ದು ಅದೇ ಗಲ್ಲಿಯಲ್ಲಿ. ವಾಚಿನವನು ಬದುಕಿದ್ದಾಗ ಊಟಕ್ಕೂ ಅಂಗಡಿ ಬಿಟ್ಟು ಮೇಲಿನ ಮನೆಗೆ ಹೋಗುತ್ತಿರಲಿಲ್ಲ, ಅವನ ಹೆಂಡತಿ ಮಧ್ಯಾಹ್ನಕ್ಕೆ ಜೀರಿಗೆ ಹಾಕಿದ ಗಟ್ಟಿ ರೊಟ್ಟಿ ಕಟ್ಟಿಕೊಡುತ್ತಿದ್ದಳು. ತನ್ನ ತವರಿನ ಕಡೆಯ ರೊಟ್ಟಿ, ಅವಳಿಗೆ ಅದರ ಮೇಲೆ ಜಂಬ. ಅವನು ಬುತ್ತಿ ಬಿಚ್ಚಿ, ಆಚೆ ಈಚೆ ನೋಡಿ, ಆ ರೊಟ್ಟಿಯನ್ನು ಸೊಂಟ ಮುರಿದ ಬೀದಿನಾಯಿಗೆ ಹಾಕಿ, ತಾನು ಮೂಲೆ ಅಂಗಡಿಯಿಂದ ಏನನ್ನೋ ತರಿಸಿಕೊಂಡು ತಿನ್ನುತ್ತಿದ್ದ. ವರ್ಷಗಟ್ಟಲೆ ಭಟ್ಟಿಯಕ್ಕ ಇದನ್ನು ಗಾಳಿಕಿಂಡಿಯಿಂದ ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ. ಅವನು ಒಮ್ಮೆ ಅವಳ ಕಣ್ಣಿಗೆ ಸಿಕ್ಕಿಬಿದ್ದು, ತುಟಿಯ ಮೇಲೆ ಬೆರಳಿಟ್ಟು ನಕ್ಕಿದ್ದ. ಆ ಬೀದಿಯಲ್ಲಿ ಅವಳನ್ನು ನೋಡಿ ನಕ್ಕವನು ಅವನೊಬ್ಬನೇ.

ಅವನು ಸತ್ತ ಮೇಲೆ ಹೆಂಡತಿ ಪ್ರತಿ ವರ್ಷ ಆ ದಿನ ಅದೇ ಜೀರಿಗೆ ರೊಟ್ಟಿ ಹನ್ನೆರಡು ಮಾಡಿ ನೆಂಟರಿಗೆ, ಅಂಗಡಿಗೆ ಬಂದವರಿಗೆ ಹಂಚುತ್ತಿದ್ದಳು. ನಮ್ಮವರಿಗೆ ಇದೆಂದರೆ ಪ್ರಾಣ, ಒಂದು ತುಣುಕು ಬಿಡುತ್ತಿರಲಿಲ್ಲ ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ವರ್ಷ ಆ ದಿನ ಛತ್ರಿಯ ಗುಂಪು ಬರುವ ದಿನವೇ ಆಯಿತು.

ಹನ್ನೆರಡರಲ್ಲಿ ಒಂದನ್ನು ಭಟ್ಟಿಯಕ್ಕ ಪಾಲಿಗೆ ತೆಗೆದಳು. ಕೆಂಪು ಕೂದಲಿನ ಹೆಂಗಸೊಬ್ಬಳು ಅದನ್ನು ಕಚ್ಚಲು ಹೋಗಿ ಹಲ್ಲು ಹಿಡಿದುಕೊಂಡಳು. ಗುಂಪು ನಕ್ಕಿತು. ಇದು ಯಾರ ರೊಟ್ಟಿ ಎಂದು ಛತ್ರಿ ಕೇಳಿದಳು. ನಗು ಇನ್ನೂ ನಿಂತಿರಲಿಲ್ಲ, ಅದನ್ನು ಬಿಡಲು ಭಟ್ಟಿಯಕ್ಕನಿಗೆ ಮನಸ್ಸಾಗಲಿಲ್ಲ.

"ಇದು ವಾಚಿನಂಗಡಿಯವರದು. ಗಂಡ ಬದುಕಿದ್ದಾಗ ದಿನಾ ಇದನ್ನ ನಾಯಿಗೆ ಹಾಕ್ತಿದ್ದ. ಈಗ ಪಾಪ, ಬೇಡ ಅನ್ನೋಕೂ ಅವನಿಗೆ ಬಾಯಿಲ್ಲ."

ಛತ್ರಿ ಅದನ್ನು ತಿರುಗಿಸಿ ಹೇಳುವ ಮೊದಲೇ ಮಗಳ ಮುಖ ಬಿಳಿಚಿಕೊಂಡಿತು. ಮೂರನೆಯ ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ವಾಚಿನಂಗಡಿಯಮ್ಮ ನಿಂತಿದ್ದಳು. ಛತ್ರಿಗೆ ಅವಳ ಪರಿಚಯವಿರಲಿಲ್ಲ. ತಿರುಗಿಸಿ ಹೇಳುವುದನ್ನು ಮುಗಿಸಿದಳು, ಗುಂಪು ಎರಡನೆಯ ಸಲ ನಕ್ಕಿತು. ವಾಚಿನಂಗಡಿಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ಹನ್ನೊಂದು ರೊಟ್ಟಿಯನ್ನು ಎಣಿಸಿ ಬುಟ್ಟಿಗೆ ಹಾಕಿಕೊಂಡಳು. ಕೆಂಪು ಕೂದಲಿನವಳ ಕೈಯಲ್ಲಿದ್ದ ಅರ್ಧವನ್ನೂ, ಕಲ್ಲಿನ ಮೇಲಿದ್ದ ಇನ್ನರ್ಧವನ್ನೂ ತೆಗೆದುಕೊಂಡಳು. ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಭಟ್ಟಿಯಕ್ಕ ಹೊರಗಿನವರ ಮುಂದೆ ಆಡಿದ್ದೆಲ್ಲ ಸಂಜೆಯೊಳಗೆ ಮನೆಮನೆಗೂ ಮುಟ್ಟಿತು. ಮರುದಿನ ನಲವತ್ತು ಟ್ರೇ ಬರುವ ಕಡೆ ಇಪ್ಪತ್ತಾರು ಬಂದವು. ಅದರ ಮರುದಿನ ಹದಿನೇಳು. ಜನ ಟ್ರೇ ತಲೆಯ ಮೇಲಿಟ್ಟುಕೊಂಡು ಭಟ್ಟಿಯ ಮುಂದೆಯೇ ಹಾದು, ಮುಖ್ಯ ರಸ್ತೆಯ ಕರೆಂಟಿನ ಭಟ್ಟಿಯ ಬೇಕರಿಗೆ ಹೋಗುತ್ತಿದ್ದರು. ಅಲ್ಲಿ ಸುಟ್ಟ ರೊಟ್ಟಿ ಮೇಲೆ ಕೆಂಪು, ಒಳಗೆ ಅಂಟು. ಅದು ಅವರಿಗೂ ಗೊತ್ತಿತ್ತು, ತಿನ್ನುತ್ತಿದ್ದರು. ಇಲ್ಲಿಗೆ ಬಂದವರೂ ನೆಟ್ಟಗೆ ಬರಲಿಲ್ಲ. ಮಹಡಿ ಮನೆಯವರು ತಂದ ಸೌದೆ ನೀರಿನಲ್ಲಿ ನೆನೆಸಿದ್ದು, ಬೆಂಕಿಗಿಟ್ಟರೆ ನೊರೆ ಕಾರುತ್ತಿತ್ತು. ದರ್ಜಿಯ ಹೆಂಡತಿ ಪಾಲಿಗೆಂದೇ ಉಪ್ಪಿಲ್ಲದ ಒಂದು ಪುಟ್ಟ ಉಂಡೆಯನ್ನು ಬೇರೆಯಾಗಿ, ಟ್ರೇಯ ಮೂಲೆಯಲ್ಲಿ ಮುಟ್ಟದಂತೆ ಇಟ್ಟು ತಂದಳು. ಒಂದು ಬೆಳಗ್ಗೆ ಮೇಲಿನ ಮೆಟ್ಟಿಲ ಮೇಲೆ ಯಾರೋ ಒಣ ರೊಟ್ಟಿಯ ಚೂರುಗಳನ್ನು ಚೆಲ್ಲಿದ್ದರು. ಬೀದಿಯ ನಾಯಿಗಳೆಲ್ಲ ಬಾಗಿಲಲ್ಲಿ ನೆರೆದಿದ್ದವು. ಭಟ್ಟಿಯಕ್ಕ ಪೊರಕೆ ಎತ್ತಿ ಅಟ್ಟಿದಳು. ಎದುರು ಮನೆಗಳ ಕಿಟಕಿಗಳಲ್ಲಿ ಒಂದೂ ಮುಚ್ಚಿರಲಿಲ್ಲ.

"ಹೋಗಿ ಕೇಳ್ಕೊಂಡು ಬಾ ಅಮ್ಮ," ಎಂದಳು ಮಗಳು. "ತಪ್ಪಾಯ್ತು ಅಂದ್ರೆ ನಾಲಗೆ ಸವೆಯೋಲ್ಲ."

ತಾನು ಸುಳ್ಳು ಹೇಳಿದ್ದರೆ ತಾನೆ ತಪ್ಪಾಗುವುದು ಎಂದು ಭಟ್ಟಿಯಕ್ಕ ಹಟ ಹಿಡಿದಳು. ಮೂವತ್ತೊಂದು ವರ್ಷ ಬಾಗಿಲಾಚೆ ನಿಲ್ಲಿಸಿದವರು ಈಗ ಇನ್ನೆಷ್ಟು ಆಚೆ ನಿಲ್ಲಿಸಿಯಾರು ಎಂದಳು. ಆದರೆ ಅವಳ ಹಟವನ್ನು ಭಟ್ಟಿ ಕೇಳಲಿಲ್ಲ. ಸೌದೆ ಬರುತ್ತಿದ್ದದ್ದು ಟ್ರೇಗಳ ಜೊತೆ. ಟ್ರೇ ಹತ್ತಕ್ಕಿಳಿದ ದಿನ ಬೆಂಕಿ ಭಟ್ಟಿಯ ಹಿಂಬದಿಯ ಗೋಡೆಯನ್ನು ಮುಟ್ಟಲಿಲ್ಲ. ಅವಳು ಇದ್ದಿಲು ಮಾರುವುದನ್ನು ಬಿಟ್ಟು ಅದನ್ನೇ ಮತ್ತೆ ಒಳಗೆ ಹಾಕಿದಳು, ಹಳೇ ಬಾಗಿಲೊಂದನ್ನು ಸೀಳಿ ಹಾಕಿದಳು. ಆರನೆಯ ದಿನ ಮಧ್ಯಾಹ್ನ ತಲೆಯ ಮೇಲೆ ಟಿಕ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಶಾಖ ಇಳಿದು ಕಮಾನಿನ ಇಟ್ಟಿಗೆಗಳು ಕುಗ್ಗುತ್ತಿದ್ದವು. ವರ್ಷಗಟ್ಟಲೆ ಆರದೆ ಕಾದ ಕಮಾನು ಒಮ್ಮೆ ಪೂರ್ತಿ ತಣ್ಣಗಾದರೆ ಬಿರಿದು ಒಳಗೆ ಬೀಳುತ್ತದೆ, ಆಮೇಲೆ ಅದನ್ನು ಕಟ್ಟುವವರು ಈ ಪಟ್ಟಣದಲ್ಲಿ ಉಳಿದಿಲ್ಲ ಎಂದು ಮಾವ ಹೇಳಿದ್ದ. ಆ ಮಾತು ಅವಳಿಗೆ ಮರೆಯುವಂಥದಾಗಿರಲಿಲ್ಲ. ಅವಳು ಸದ್ದು ಎಣಿಸುತ್ತಾ ಕೂತಳು. ಭಟ್ಟಿ ಹೋದರೆ ಅವಳಿಗೆ ಉಳಿಯುತ್ತಿದ್ದದ್ದು ಗಂಜಿ ಕಾಯಿಸುವ ಕೈ ಮಾತ್ರ.

ಅದೇ ದಿನ ಛತ್ರಿ ಬಂದಳು, ಒಬ್ಬಳೇ. ವಿಷಯವೆಲ್ಲ ಅವಳ ಕಿವಿಗೂ ಬಿದ್ದಿತ್ತು. ಆದರೂ ಮುಖ ಸಪ್ಪಗಿರಲಿಲ್ಲ, ಏನೋ ಉಪಾಯ ಹೊಳೆದ ಮುಖ.

"ಅಕ್ಕ, ಅವರು ಬರದೇ ಇದ್ರೆ ಬಿಡಿ. ಭಟ್ಟಿ ಉರೀಲೇಬೇಕು ಅಂತೇನಿಲ್ಲ. ಒಳಗೆ ಒಂದು ಕೆಂಪು ಲೈಟ್ ಹಾಕಿಸೋಣ, ನೋಡೋಕೆ ಉರಿದ ಹಾಗೇ ಇರುತ್ತೆ. ರೊಟ್ಟಿ ನಾನು ಬೇಕರಿಯಿಂದ ತರಿಸ್ತೀನಿ. ನೀವು ಕೂತು ಕಥೆ ಹೇಳಿ, ಸಾಕು. ಜನಕ್ಕೆ ಬೇಕಿರೋದು ನಿಮ್ಮ ಮಾತು."

"ಬೇಕರಿ ರೊಟ್ಟಿ ತೋರಿಸಿ ಏನಂತ ಹೇಳ್ಲಿ?"

"ಈಗ ಹೇಳ್ತಿರೋದನ್ನೇ. ಅವರಿಗೆ ಏನು ಗೊತ್ತಾಗುತ್ತೆ?"

ಭಟ್ಟಿಯಕ್ಕ ಎದ್ದು ಹಲಗೆಯ ಹಿಡಿಯಿಂದ ಬಾಗಿಲು ತೋರಿಸಿದಳು. ಛತ್ರಿ ಹೋದ ಮೇಲೂ ಆ ಮಾತು ಹೋಗಲಿಲ್ಲ. ಬಿಳಿ ಟೋಪಿಯ ಮುದುಕನಿಗೆ ಬೆಟ್ಟದವರ ಹುಳಿಯನ್ನು ಬಗೆಬಗೆಯಾಗಿ ಬಣ್ಣಿಸಿದ್ದಳು, ಅವನಿಗೆ ಏನು ಗೊತ್ತಾಗಿತ್ತು? ಅವಳ ನಾಲಗೆ ಸುಳ್ಳಾಡಿದರೆ ಹಿಡಿಯಬಲ್ಲವರು ಲೋಕದಲ್ಲಿ ಇದ್ದದ್ದು ಈ ಬೀದಿಯವರು ಮಾತ್ರ. ಅವರೇ ಈಗ ಟ್ರೇ ಹೊತ್ತು ಮುಂದೆ ಹೋಗುತ್ತಿದ್ದರು. ತಲೆಯ ಮೇಲೆ ಮತ್ತೆ ಟಿಕ್ ಎಂದಿತು. ಅವಳು ಕೈಗೆ ಬೂದಿ ಹಚ್ಚಿ ಉಜ್ಜಿ ತೊಳೆದುಕೊಂಡು ಬೀದಿ ದಾಟಿದಳು.

ವಾಚಿನಂಗಡಿಯ ಮನೆ ಅಂಗಡಿಯ ಮೇಲಿತ್ತು. ಬಾಗಿಲು ತೆರೆದಿತ್ತು. ಒಳಗಿನ ಗೋಡೆಯ ತುಂಬ ಗಡಿಯಾರಗಳಿದ್ದವು, ನಡೆಯುವವು, ನಿಂತವು, ಯಾರೂ ಬಿಡಿಸಿಕೊಂಡು ಹೋಗದೆ ಉಳಿದವು. ಮೇಜಿನ ಮೇಲೆ ಬೇಕರಿಯಲ್ಲಿ ಸುಡಿಸಿ ತಂದ ರೊಟ್ಟಿ ಇತ್ತು. ನಡುವೆ ಕುಯ್ದಿದ್ದರು, ಹಸಿ ಗೆರೆ ಹೊಸ್ತಿಲಿಗೇ ಕಾಣುತ್ತಿತ್ತು. ವಾಚಿನಂಗಡಿಯಮ್ಮ ಬಂದು ಬಾಗಿಲಿಗೆ ಅಡ್ಡವಾಗಿ ನಿಂತಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಭಟ್ಟಿಯಕ್ಕ ಬೇರೇನೂ ಪೀಠಿಕೆ ಹಾಕದೆ, ಭಟ್ಟಿ ಆರುತ್ತಿದೆ, ಕಮಾನು ಬಿರಿಯುತ್ತದೆ, ಇನ್ನು ಮುಂದೆ ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ, ನೀವೊಬ್ಬರು ಟ್ರೇ ಕಳಿಸಿದರೆ ಮಿಕ್ಕವರೂ ಕಳಿಸುತ್ತಾರೆ ಎಂದಳು. ಬೇಡಿಕೊಳ್ಳಲು ಬಂದವಳ ದನಿ ಅದಾಗಿರಲಿಲ್ಲ. ಬೇಡಿ ಅಭ್ಯಾಸವಿರಲಿಲ್ಲ.

ವಾಚಿನಂಗಡಿಯಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಅವರು ನಾಯಿಗೆ ಹಾಕ್ತಿದ್ದದ್ದು ನಿಜಾನಾ?"

ನಗಿಸಲೆಂದು ಬಾಯಿಗೆ ಬಂದದ್ದು ಹೇಳಿದೆ, ಸುಳ್ಳು ಎಂದುಬಿಟ್ಟರೆ ಆಗುತ್ತಿತ್ತು. ಒಂದು ಮಾತು. ಟ್ರೇ ಬರುತ್ತಿತ್ತು, ಸೌದೆ ಬರುತ್ತಿತ್ತು, ಪಾಲೂ ಬರುತ್ತಿತ್ತೋ ಏನೋ. ಆ ಹೆಂಗಸಿನ ಕಣ್ಣೂ ಅದೇ ಮಾತಿಗೆ ಕಾಯುತ್ತಿತ್ತು. ಆದರೆ ಹಾಗೆಂದರೆ ಅವಳು ಈವರೆಗೆ ಹೇಳಿದ್ದೆಲ್ಲ ಅದೇ ಜಾತಿಗೆ ಸೇರುತ್ತಿತ್ತು, ಉಪ್ಪಾಗಲಿ, ಬೆಣ್ಣೆಯಾಗಲಿ, ಬೆಟ್ಟದವರ ಹುಳಿಯಾಗಲಿ. ಒಳಗೆ ಕೆಂಪು ಲೈಟ್ ಹಾಕಿಕೊಂಡು ಕೂತದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

"ನಿಜ," ಎಂದಳು ಭಟ್ಟಿಯಕ್ಕ. "ನಾನು ಕಂಡಿದ್ದೀನಿ."

ವಾಚಿನಂಗಡಿಯಮ್ಮ ಚೌಕಟ್ಟನ್ನು ಹಿಡಿದ ಕೈ ಬದಲಿಸಿದಳು.

"ಎಷ್ಟು ದಿನ?"

"ದಿನಾ. ಅವರು ಹಾಸಿಗೆ ಹಿಡಿಯೋವರೆಗೂ."

ಒಳಗೆ ಒಂದೆರಡು ಗಡಿಯಾರ ಗಂಟೆ ಹೊಡೆದವು, ಒಂದಕ್ಕೊಂದು ಹೊಂದದೆ.

"ಹೇಳಬಾರದಿತ್ತು ಅಂತ ನಾನು ಅನ್ನೋಲ್ಲ," ಎಂದಳು ವಾಚಿನಂಗಡಿಯಮ್ಮ ಕೊನೆಗೆ. "ಕಂಡವಳು ನೀನು, ಹೇಳಿದೆ. ಆದರೆ ನನ್ನ ರೊಟ್ಟಿ ತಿಂದ್ಕೊಂಡು, ಅದನ್ನೇ ಕೈಯಲ್ಲಿ ಹಿಡ್ಕೊಂಡು ಹೇಳಿದೆಯಲ್ಲ. ತಿಂದ ಬಾಯಿ ಅದು. ನಾಳೆಯಿಂದ ಟ್ರೇ ಬರುತ್ತೆ, ಸೌದೆ ಬರುತ್ತೆ. ಪಾಲು ಬರೋಲ್ಲ. ನನ್ನ ಮನೆಯಿಂದ ಅಷ್ಟೇ ಅಲ್ಲ, ಯಾರ ಮನೆಯಿಂದಲೂ ಬರೋಲ್ಲ. ಟ್ರೇಗೆ ಇಷ್ಟು ಅಂತ ಕಾಸು ತಗೋ, ಬೇಕರಿಯವನ ಹಾಗೆ."

"ಪಾಲು ಮುರಿದು ನೋಡದೆ ಹದ ಹೇಗೆ ಗೊತ್ತಾಗುತ್ತೆ, ಅಮ್ಮಾವ್ರೆ? ಕರಟುತ್ತೆ."

"ಕರಟಲಿ. ಕರಟಿದ್ದನ್ನ ನಾವೇ ತಿಂತೀವಿ."

ಅಷ್ಟು ಹೇಳಿ ಅವಳು ಬಾಗಿಲು ಹಾಕಿಕೊಂಡಳು, ದಬ್ಬಲಿಲ್ಲ, ಮೆಲ್ಲಗೆ, ಚಿಲಕದವರೆಗೂ.

ಮರುದಿನ ಬೆಳಗ್ಗೆ ಇಪ್ಪತ್ತೊಂಬತ್ತು ಟ್ರೇ ಬಂದವು, ಒಣಗಿದ ಸೌದೆಯ ಜೊತೆಗೆ. ಪ್ರತಿ ಟ್ರೇಯ ಅಂಚಿನಲ್ಲೂ ನಾಣ್ಯ ಇತ್ತು. ಯಾರೂ ಆಯಿತಾ ಎಂದು ಕೇಳಲಿಲ್ಲ; ಮೆಟ್ಟಿಲ ಮೇಲೆ ಸಾಲಾಗಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದರು. ಬೆಂಕಿ ಹಿಂಬದಿಯ ಗೋಡೆ ಮುಟ್ಟಿತು. ತಲೆಯ ಮೇಲಿನ ಸದ್ದು ಹತ್ತು ಗಂಟೆಯ ಹೊತ್ತಿಗೆ ನಿಂತಿತು. ಭಟ್ಟಿಯಕ್ಕ ರೊಟ್ಟಿಯನ್ನು ತಿರುವಿ ಬೆರಳ ಗೆಣ್ಣಿನಿಂದ ತಳ ಬಡಿದು ಕೇಳುತ್ತಿದ್ದಳು, ಮೂಸಿ ನೋಡುತ್ತಿದ್ದಳು. ಬಂದರಿನವರದು ಸರಿಹೋಯಿತು. ಬೆಟ್ಟದವರ ಒಂದು ಟ್ರೇ ತಳ ಹತ್ತಿತು. ಅವರು ಅದನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು.

ವಾಚಿನಂಗಡಿಯ ಟ್ರೇಯನ್ನು ಅವಳು ಎಡಮೂಲೆಯಲ್ಲೇ ಇಟ್ಟಿದ್ದಳು. ಅದನ್ನು ಎಳೆಯುವಾಗ ಒಂದು ರೊಟ್ಟಿಯ ಪಕ್ಕೆ ಬಿರಿದು, ಹೆಬ್ಬೆರಳಿನಷ್ಟು ತುಣುಕು ಭಟ್ಟಿಯ ಬಾಯಿಯ ಕಲ್ಲಿನ ಮೇಲೆ ಬಿತ್ತು. ಬಿಸಿಬಿಸಿ, ಹೊಗೆಯಾಡುತ್ತಿತ್ತು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಗಳು ನೋಡಿದಳು, ಮೆಟ್ಟಿಲ ಮೇಲಿದ್ದವರೆಲ್ಲ ನೋಡಿದರು, ಬುಟ್ಟಿ ಹಿಡಿದ ವಾಚಿನಂಗಡಿಯಮ್ಮನೂ ನೋಡಿದಳು. ಭಟ್ಟಿಯಕ್ಕ ಪೊರಕೆ ತೆಗೆದುಕೊಂಡು ಆ ತುಣುಕನ್ನು ಕೆಂಡದೊಳಕ್ಕೆ ಗುಡಿಸಿದಳು. ಅದು ಚುರ್ ಎಂದು ಕಪ್ಪಾಯಿತು.

"ಮುಂದಿನವರು," ಎಂದಳು.